ಬೇಸಿಗೆಯಲ್ಲಿ ಆದ ಮರಿ ಮಳೆಗಾಲದಲ್ಲಿ ಯಾಕೆ ಆಗಲಿಲ್ಲ?

ಪ್ರಶ್ನೆ: ನಾನು ಮಲೇಬೆನ್ನೂರು ಕಡೆಯ ರೈತ. ಹಿತ್ತಲಲ್ಲಿ ನಾಟಿ ಕೋಳಿ ಸಾಕಿದ್ದೇನೆ. ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು, ಸಣ್ಣ ಫ್ಯಾನು, ಡಿಜಿಟಲ್ ಥರ್ಮೋಸ್ಟಾಟ್ ಹಾಕಿ ನಾನೇ ಇನ್‌ಕ್ಯುಬೇಟರ್ ಮಾಡಿಕೊಂಡೆ. ಮಾರ್ಚ್ ಕೊನೆಯಲ್ಲಿ 24 ಮೊಟ್ಟೆ ಇಟ್ಟೆ, 19 ಮರಿ ಆದವು. ಪುಷ್ಯ ಮಳೆ ಹಿಡಿದಾಗ ಮತ್ತೆ 24 ಇಟ್ಟೆ, ಬರೀ 6 ಮರಿ. ಎರಡು ಸಲವೂ ಬಿಸಿ 37.5 ಡಿಗ್ರಿ. ಎರಡು ಸಲವೂ ಎರಡು ಸ್ಟೀಲ್ ತಟ್ಟೆ ತುಂಬ ನೀರು. ದಿನಕ್ಕೆ ಮೂರು ಸಲ ತಿರುಗಿಸಿದ್ದೇನೆ, 18ನೇ ದಿನ ನಿಲ್ಲಿಸಿದ್ದೇನೆ. ಮಳೆಗಾಲದಲ್ಲಿ ಥಂಡಿ ಗಾಳಿ ಹೊಡೆಯುತ್ತೆ ಅಂತ ಪೆಟ್ಟಿಗೆಯ ಎರಡು ತೂತು ಮುಚ್ಚಿದ್ದೆ. 7ನೇ ದಿನ ಟಾರ್ಚ್ ಹಿಡಿದು ನೋಡಿದಾಗ 22ರಲ್ಲಿ ರಕ್ತನಾಳ ಇತ್ತು, ಎರಡು ಖಾಲಿ ಇದ್ದವು, ತೆಗೆದೆ. ಆರು ಮರಿ 21ನೇ ದಿನ ಸಂಜೆಯೊಳಗೆ ಬಂದವು. ಉಳಿದದ್ದರಲ್ಲಿ ಮೂರನ್ನು ಒಡೆದು ನೋಡಿದೆ. ಪೂರ್ತಿ ಬೆಳೆದ ಮರಿ, ಊದಿಕೊಂಡಿತ್ತು, ಸುತ್ತ ನೀರು. ಅಮಾವಾಸ್ಯೆ ದಿನ ಇಟ್ಟಿದ್ದೇ ತಪ್ಪು ಅಂತಾರೆ ಮನೆಯಲ್ಲಿ. ಇನ್ನೊಂದು ಪ್ರಶ್ನೆ: ಮೆಕ್ಕೆಜೋಳದ ಹೊಲದಲ್ಲಿ ನವಿಲಿನ ಮೊಟ್ಟೆ ಸಿಕ್ಕಿವೆ. ಅವನ್ನೂ ಇದರಲ್ಲಿ ಇಡಬಹುದಾ?

ಉತ್ತರ: ನವಿಲಿನ ಮೊಟ್ಟೆ ಮುಟ್ಟಬೇಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕೋಳಿ ವಿಷಯ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಮರಿಯಾಗದ ಮೊಟ್ಟೆಯನ್ನು ಒಡೆದು ನೋಡಿದ್ದು. ಹೆಚ್ಚಿನವರು ಮೂಗು ಮುಚ್ಚಿಕೊಂಡು ತಿಪ್ಪೆಗೆ ಎಸೆಯುತ್ತಾರೆ. ಆಮೇಲೆ ಬಂದು "ಸಾರ್, ಮರಿ ಆಗ್ಲಿಲ್ಲ, ಯಾಕೆ?" ಅಂತ ಕೇಳುತ್ತಾರೆ. ಅದಕ್ಕೆ ಬೇಕಾದ ಸಾಕ್ಷಿ ತಿಪ್ಪೆ ಸೇರಿರುತ್ತದೆ. ನೀವು ಮೂರೇ ಮೊಟ್ಟೆ ಒಡೆದರೂ ನನ್ನ ಕೆಲಸ ಅರ್ಧ ಮುಗಿಯಿತು.

ಯಾವುದು ಕಾರಣ ಅಲ್ಲ ಅಂತ ಮೊದಲು ನೋಡಿಬಿಡೋಣ. 24ರಲ್ಲಿ 22 ಮೊಟ್ಟೆಗೆ ಜೀವ ಹಿಡಿದಿತ್ತು. ಅಂದಮೇಲೆ ನಿಮ್ಮ ಹುಂಜದ ತಪ್ಪೇನಿಲ್ಲ, ಹೇಂಟೆಗಳದ್ದೂ ಇಲ್ಲ. ಬಿಸಿ ಜಾಸ್ತಿ ಆಗಿದ್ದರೆ ಮರಿಗಳು 19, 20ನೇ ದಿನಕ್ಕೇ ಬರುತ್ತಿದ್ದವು. ಕಡಿಮೆ ಆಗಿದ್ದರೆ 22, 23ಕ್ಕೆ ಎಳೆಯುತ್ತಿದ್ದವು. ಆರೂ ಮರಿ 21ನೇ ದಿನಕ್ಕೆ ಸರಿಯಾಗಿ ಬಂದಿವೆ. ಬಿಸಿಯೂ ಸರಿ ಇತ್ತು. ಇನ್ನು ಅಮಾವಾಸ್ಯೆ. ಮೊಟ್ಟೆಗೆ ಪಂಚಾಂಗ ಓದಲು ಬರುವುದಿಲ್ಲ. ಮನೆಯವರ ಹತ್ತಿರ ಜಗಳ ಮಾತ್ರ ಮಾಡಬೇಡಿ, ಮುಂದಿನ ಸಲ ಹುಣ್ಣಿಮೆ ಕಳೆದು ಇಡಿ. ನಮ್ಮಮ್ಮ ಕಾವಿಗೆ ಕೂರಿಸುವಾಗ ಗುಡುಗಿಗೆ ಕೆಡಬಾರದು ಅಂತ ಪುಟ್ಟಿಯಲ್ಲಿ ಒಂದು ಇದ್ದಿಲು, ಒಂದು ಮೊಳೆ ಇಡುತ್ತಿದ್ದರು. ನಾನೂ ಯಾವತ್ತೂ ತೆಗೆದಿಲ್ಲ.

ಉಳಿದದ್ದು ನೀರು. ನಿಮ್ಮ ಮರಿಗಳು ಮೊಟ್ಟೆಯೊಳಗೇ ಮುಳುಗಿವೆ.

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 10,000 ಸಣ್ಣ ರಂಧ್ರಗಳಿರುತ್ತವೆ. ಕಾವಿನಲ್ಲಿ ಇರುವಷ್ಟು ದಿನವೂ ಒಳಗಿನ ನೀರು ಅವುಗಳ ಮೂಲಕ ಆವಿಯಾಗಿ ಹೋಗುತ್ತಿರುತ್ತದೆ. ಹೋಗಲೇಬೇಕು. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದಲ್ಲಿ ಶೇಕಡಾ 11ರಿಂದ 13ರಷ್ಟು ಕಳೆದುಕೊಂಡಿರಬೇಕು. ಹೋದ ನೀರಿನ ಜಾಗದಲ್ಲಿ ದಪ್ಪ ತುದಿಯ ಕಡೆ ಗಾಳಿ ತುಂಬುತ್ತದೆ. ಬೇಯಿಸಿದ ಮೊಟ್ಟೆ ಸುಲಿದಾಗ ಒಂದು ಕಡೆ ತಗ್ಗು ಕಾಣುತ್ತದಲ್ವಾ, ಅದೇ ಗಾಳಿ ಕೋಣೆ. 20ನೇ ದಿನ ಮರಿ ಕೊಕ್ಕಿನಿಂದ ಪೊರೆ ಹರಿದು ಮೊದಲ ಉಸಿರು ಎಳೆದುಕೊಳ್ಳುವುದು ಈ ಕೋಣೆಯಲ್ಲಿ. ನೀರು ಹೋಗದಿದ್ದರೆ ಕೋಣೆ ಚಿಕ್ಕದಾಗಿಯೇ ಉಳಿಯುತ್ತದೆ. ಮರಿ ಊದಿಕೊಂಡಿರುತ್ತದೆ, ಒಳಗೆ ಹೊರಳಲು ಜಾಗ ಇರುವುದಿಲ್ಲ. ಚಿಪ್ಪು ಕುಟುಕುವ ಮೊದಲೇ ಉಸಿರು ಕಟ್ಟುತ್ತದೆ. ನೀವು ನೋಡಿದ್ದು ಇದನ್ನೇ.

ಹಾಗಾದರೆ ಮಾರ್ಚಿನಲ್ಲಿ ಅದೇ ಎರಡು ತಟ್ಟೆ ನೀರಿಗೆ 19 ಮರಿ ಹೇಗೆ ಬಂದವು? ಉತ್ತರ ನಿಮ್ಮ ಪೆಟ್ಟಿಗೆಯ ಹೊರಗಿದೆ. ಮಾರ್ಚ್ ಕೊನೆಗೆ ನಮ್ಮ ಕಡೆ ಮಧ್ಯಾಹ್ನದ ಗಾಳಿ 36 ಡಿಗ್ರಿ, ತೇವಾಂಶ ಶೇಕಡಾ 25 ಅಂತ ಇಟ್ಟುಕೊಳ್ಳಿ. ಆ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5ಕ್ಕೆ ಕಾದರೆ ತೇವಾಂಶ 23ರ ಹತ್ತಿರಕ್ಕೆ ಬರುತ್ತದೆ. ಬೇಕಾಗಿದ್ದು 50ರಿಂದ 55. ಎರಡು ತಟ್ಟೆ ನೀರು ಆ ಕೊರತೆ ತುಂಬಿತು. ಪುಷ್ಯ ಮಳೆಯಲ್ಲಿ ಹೊರಗೆ 25 ಡಿಗ್ರಿ, ತೇವಾಂಶ 80. ಅದನ್ನು 37.5ಕ್ಕೆ ಕಾಯಿಸಿದರೂ ನೀರೇ ಇಡದೆ 40ರ ಆಸುಪಾಸು ಸಿಗುತ್ತದೆ. ಅದರ ಮೇಲೆ ಎರಡು ತಟ್ಟೆ. ಸಾಲದ್ದಕ್ಕೆ ತೂತನ್ನೂ ಮುಚ್ಚಿದಿರಿ. ಆವಿ ಹೊರಗೆ ಹೋಗಲು ದಾರಿಯೇ ಇಲ್ಲ. 70 ದಾಟಿರುತ್ತದೆ, ಹದಿನೆಂಟು ದಿನವೂ. ಮಾರ್ಚಿನಲ್ಲಿ ಒಗೆದ ಬಟ್ಟೆ ಗಂಟೆಯಲ್ಲಿ ಗರಿಗರಿ ಆಗುತ್ತದೆ, ಆಷಾಢದಲ್ಲಿ ಮೂರು ದಿನ ಹಗ್ಗದ ಮೇಲೇ ಇರುತ್ತದೆ. ಮೊಟ್ಟೆಯ ಕಥೆಯೂ ಅಷ್ಟೇ.

ತೂತು ಮುಚ್ಚಿದ್ದರಿಂದ ಇನ್ನೊಂದು ತೊಂದರೆಯೂ ಆಯಿತು. ಮೊದಲ ವಾರದ ಪಿಂಡಕ್ಕೆ ಗಾಳಿ ಅಷ್ಟಾಗಿ ಬೇಡ. ಕೊನೆಯ ವಾರ ಮಾತ್ರ ಒಳಗಿರುವುದು ಬೆಳೆದ ಮರಿ, ಅದಕ್ಕೆ ಉಸಿರಾಡಲು ಬೇಕು. ಇಪ್ಪತ್ತೆರಡು ಮರಿ ಇರುವ ಪೆಟ್ಟಿಗೆಯ ಕಿಟಕಿ ಮುಚ್ಚಿದ ಹಾಗಾಯಿತು. ಥಂಡಿಯ ಚಿಂತೆ ಥರ್ಮೋಸ್ಟಾಟಿಗೆ ಬಿಡಿ. ಅದನ್ನು ಇಟ್ಟಿರುವುದೇ ಅದಕ್ಕೆ.

ಈಗ ಮುಖ್ಯ ಮಾತು. 7ನೇ ದಿನ ಟಾರ್ಚ್ ಹಿಡಿದು ನೋಡಿದಿರಿ, ರಕ್ತನಾಳ ಇದೆಯಾ ಇಲ್ಲವಾ ಅಂತ. ಜೀವ ಕಂಡಿತು, ಖುಷಿಯಾಯಿತು, ಮುಚ್ಚಿಟ್ಟಿರಿ. ಎಲ್ಲರೂ ಮಾಡುವುದು ಇದನ್ನೇ. ಆದರೆ ಅದೇ ಬೆಳಕಿನಲ್ಲಿ, ಅದೇ ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿ ಕೋಣೆಯೂ ಕಾಣುತ್ತಿತ್ತು. ಅದು ಬೆಳೆಯುತ್ತಿಲ್ಲ ಅಂತ 14ನೇ ದಿನ ಗೊತ್ತಾಗಿದ್ದರೆ ತಟ್ಟೆ ತೆಗೆದು ಎಷ್ಟೋ ಮರಿ ಉಳಿಸಿಕೊಳ್ಳಬಹುದಿತ್ತು. ಮರಿ ಸತ್ತದ್ದು ಟಾರ್ಚಿನಲ್ಲಿ ಕಂಡರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಗಾಳಿ ಕೋಣೆ ಮೊದಲೇ ಹೇಳುತ್ತದೆ.

ನೋಡುವ ಕ್ರಮ ಹೀಗೆ. ರಾತ್ರಿ ಲೈಟ್ ಆರಿಸಿ. ಕರೆಂಟ್ ಹೋದಾಗಲೇ ನೋಡುತ್ತೇನೆ ಅನ್ನುವವರೂ ಇದ್ದಾರೆ, ಅದು ಬೇಡ, ಆಗ ಪೆಟ್ಟಿಗೆ ತೆರೆಯಲೇಬಾರದು. ಎಲ್‌ಇಡಿ ಟಾರ್ಚ್ ಸಾಕು, ಮೊಬೈಲ್ ಟಾರ್ಚೂ ನಡೆಯುತ್ತದೆ. ಒಂದು ರಟ್ಟಿಗೆ ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿ ಟಾರ್ಚಿನ ಮೇಲಿಡಿ. ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಒತ್ತಿ ಹಿಡಿಯಿರಿ, ಬೆಳಕು ಪಕ್ಕದಿಂದ ಸೋರಬಾರದು. ನಿಧಾನ ತಿರುಗಿಸಿ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಸಿ ವಾಪಸ್ ಇಡಿ. ಗುರುತು ಹಾಕಲು ಸೀಸದಕಡ್ಡಿ ಮಾತ್ರ. ಸ್ಕೆಚ್ ಪೆನ್ನು ಬೇಡ, ರಂಧ್ರದಲ್ಲಿ ಇಳಿಯುತ್ತದೆ.

7ನೇ ದಿನ ಒಳ್ಳೆಯ ಮೊಟ್ಟೆಯಲ್ಲಿ ಜೇಡದ ಹಾಗೆ ಒಂದು ಕಪ್ಪು ಚುಕ್ಕೆ, ಸುತ್ತ ಕೆಂಪು ಕಾಲುಗಳು. ಆ ಚುಕ್ಕೆ ಮರಿಯ ಕಣ್ಣು. ಸ್ವಲ್ಪ ಹೊತ್ತು ಅಲ್ಲಾಡಿಸದೆ ಹಿಡಿದರೆ ಚುಕ್ಕೆ ತೇಲಿ ಆಡುವುದು ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದ ಮಕ್ಕಳು ಮೊಟ್ಟೆ ವಾಪಸ್ ಕೊಡುವುದೇ ಇಲ್ಲ. ಬರಡು ಮೊಟ್ಟೆ ಪೂರ್ತಿ ಹಳದಿ ಬೆಳಕು, ಒಳಗೆ ಹಳದಿಯ ಮಸುಕು ನೆರಳು ಅಷ್ಟೇ. ಮೂರನೆಯ ಜಾತಿಯೂ ಒಂದಿದೆ. ರಕ್ತನಾಳ ಇಲ್ಲ, ಆದರೆ ಒಳಗೆ ಕೆಂಪು ಬಳೆ ಹಾಗೆ ಒಂದು ಗೆರೆ. ಅದು ಮೊದಲ ನಾಲ್ಕೈದು ದಿನದಲ್ಲೇ ಸತ್ತ ಪಿಂಡ. ರಕ್ತ ಅಂಚಿಗೆ ಸರಿದು ಬಳೆಯಾಗಿದೆ. ಒಂದೋ ಎರಡೋ ಇದ್ದರೆ ಬಿಟ್ಟುಬಿಡಿ. ಐದಾರು ಇದ್ದರೆ ಮೊಟ್ಟೆ ಹಳೆಯದು, ಇಲ್ಲವೇ ಶುರುವಿನಲ್ಲಿ ಬಿಸಿ ಏರಿತ್ತು ಅಂತ ಅರ್ಥ.

7ನೇ ದಿನಕ್ಕೆ ಮೊದಲು ಯಾವುದನ್ನೂ ತೆಗೆಯಬೇಡಿ. ಇದನ್ನು ನಾನು ಕೈಸುಟ್ಟುಕೊಂಡು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ 4ನೇ ದಿನವೇ ನೋಡಿ, ಕಂದು ಚಿಪ್ಪಿನ ಒಂಬತ್ತು ಮೊಟ್ಟೆಯನ್ನು ಖಾಲಿ ಅಂತ ಪಕ್ಕಕ್ಕೆ ಹಾಕಿದೆ. ನಮ್ಮ ಹಿರಿಯರೊಬ್ಬರು ಏನೂ ಹೇಳದೆ ಒಂದನ್ನು ತಟ್ಟೆಗೆ ಒಡೆದರು. ಹಳದಿಯ ಮೇಲೆ ಸೂಜಿ ಮೊನೆಯಷ್ಟು ಕೆಂಪು. ಅದು ಟಕ್ ಟಕ್ ಅಂತ ಮಿಡಿಯುತ್ತಿತ್ತು. ಕೋಳಿ ಮರಿಯ ಹೃದಯ ಎರಡನೇ ದಿನ ಮುಗಿಯುವಷ್ಟರಲ್ಲೇ ಬಡಿಯಲು ಶುರು ಮಾಡುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಮೊಟ್ಟೆಗಳನ್ನು ಒಡೆದು ನೋಡಿ, ಮೂರನೇ ದಿನ ರಕ್ತದ ಚುಕ್ಕೆ ಮಿಡಿಯುವುದನ್ನು ಬರೆದಿಟ್ಟಿದ್ದಾನೆ. ನನಗೆ ಅದು ಆಗ ಗೊತ್ತಿರಲಿಲ್ಲ. ಉಳಿದ ಎಂಟನ್ನು ಟ್ರೇಗೆ ವಾಪಸ್ ಇಟ್ಟೆವು. ಆ ತಟ್ಟೆಯಲ್ಲಿದ್ದದ್ದು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

14ನೇ ದಿನ ಮೊಟ್ಟೆಯ ಮುಕ್ಕಾಲು ಭಾಗ ಕಪ್ಪು. ಗಾಳಿ ಕೋಣೆಯ ಅಂಚಿನಲ್ಲಿ ಕೆಂಪು ನಾಳಗಳು ಸ್ಪಷ್ಟ ಕಾಣಬೇಕು. ನಾಳ ಇಲ್ಲದೆ ಒಳಗೆ ಕಲಗಚ್ಚಿನ ಹಾಗೆ ಮಸುಕಾಗಿ ಅಲ್ಲಾಡಿದರೆ ಅದು ಹೋಗಿದೆ, ತೆಗೆಯಿರಿ. ಇಡೀ ಪೆಟ್ಟಿಗೆ ನಾರುವುದಕ್ಕೆ ಒಡೆದ ಒಂದು ಕೊಳೆ ಮೊಟ್ಟೆ ಸಾಕು. 18ನೇ ದಿನ ಕೋಣೆ ಬಿಟ್ಟು ಉಳಿದದ್ದೆಲ್ಲ ಕಪ್ಪು. ಕೋಣೆ ಹೆಚ್ಚುಕಡಿಮೆ ಮೊಟ್ಟೆಯ ಮೂರರಲ್ಲಿ ಒಂದು ಭಾಗ ಆಗಿರಬೇಕು, ಗೆರೆ ಒಂದು ಕಡೆಗೆ ವಾಲಿರುತ್ತದೆ. 7, 14, 18, ಮೂರು ದಿನವೂ ಗಾಳಿ ಕೋಣೆಯ ಅಂಚಿಗೆ ಸೀಸದಕಡ್ಡಿಯಲ್ಲಿ ಗೆರೆ ಎಳೆಯಿರಿ. ಗೆರೆಗಳು ಒಂದರ ಕೆಳಗೊಂದು ಇಳಿಯುತ್ತಾ ಹೋಗಬೇಕು. ಒಂದರ ಮೇಲೊಂದು ಕೂತರೆ ನೀರು ಜಾಸ್ತಿಯಾಗಿದೆ. ದಡದಡ ಇಳಿದರೆ ಕಡಿಮೆಯಾಗಿದೆ.

ಕಣ್ಣಂದಾಜು ನಂಬದವರಿಗೆ ತಕ್ಕಡಿ ಇದೆ. ನಾನಂತೂ ತಕ್ಕಡಿ ಪಕ್ಷ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ಇಡುವ ದಿನ 24 ಮೊಟ್ಟೆಯನ್ನೂ ಒಟ್ಟಿಗೆ ತೂಗಿ, ಟ್ರೇ ತೂಕ ಕಳೆಯಿರಿ. ನಾಟಿ ಮೊಟ್ಟೆ ಒಂದು 42 ಗ್ರಾಂ ಅಂದರೆ 24ಕ್ಕೆ ಹತ್ತಿರ ಹತ್ತಿರ ಒಂದು ಕೆಜಿ. ಶೇಕಡಾ 12 ಅಂದರೆ 120 ಗ್ರಾಂ, ಅದು 18 ದಿನಕ್ಕೆ. ದಿನಕ್ಕೆ ಆರೂವರೆ ಗ್ರಾಂ ಚಿಲ್ಲರೆ. 7ನೇ ದಿನಕ್ಕೆ 45ರಿಂದ 50 ಗ್ರಾಂ ಇಳಿದಿರಬೇಕು. 25 ಗ್ರಾಂ ಮಾತ್ರ ಇಳಿದಿದ್ದರೆ ಒಂದು ತಟ್ಟೆ ತೆಗೆಯಿರಿ, ತೂತು ಬಿಚ್ಚಿ. 80 ಇಳಿದಿದ್ದರೆ ನೀರು ಸೇರಿಸಿ. ಖಾಲಿ ಮೊಟ್ಟೆ ತೆಗೆದ ಮೇಲೆ ಉಳಿದದ್ದನ್ನು ಮತ್ತೆ ತೂಗಿ ಹೊಸ ಲೆಕ್ಕ ಬರೆದುಕೊಳ್ಳಿ, ಇಲ್ಲದಿದ್ದರೆ ಗಲಿಬಿಲಿ ಆಗುತ್ತದೆ. ಮೀಟರ್ ಸುಳ್ಳು ಹೇಳಬಹುದು, ಮೊಟ್ಟೆಯ ತೂಕ ಹೇಳುವುದಿಲ್ಲ.

ಮೀಟರ್ ಸುಳ್ಳು ಅಂದೆನಲ್ಲ, ಅದನ್ನೂ ಪರೀಕ್ಷೆ ಮಾಡಿಕೊಳ್ಳಿ. ಒಂದು ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಹನಿ ನೀರು ಬಿಟ್ಟು ಒದ್ದೆ ಮರಳಿನ ಹದ ಮಾಡಿ. ತೇವಾಂಶದ ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. 83 ತೋರಿಸಿದರೆ ನಿಮ್ಮ ಮೀಟರ್ 8 ಜಾಸ್ತಿ ಹೇಳುತ್ತದೆ ಅಂತ ಡಬ್ಬಿ ಮೇಲೆ ಬರೆದಿಡಿ. ಬಿಸಿಗೆ ಜ್ವರ ನೋಡುವ ಥರ್ಮಾಮೀಟರ್ ಸಾಕು. ಉಗುರುಬೆಚ್ಚಗಿನ ನೀರಲ್ಲಿ ಅದನ್ನೂ ಥರ್ಮೋಸ್ಟಾಟಿನ ತಂತಿ ತುದಿಯನ್ನೂ ಒಟ್ಟಿಗೆ ಹಿಡಿದು ಹೋಲಿಸಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5, ಫ್ಯಾರನ್‌ಹೀಟಿನಲ್ಲಿ 99.5. ಜ್ವರ ಬರುವ ಮುಂಚಿನ ಮೈಬಿಸಿ ಅಂತ ನೆನಪಿಟ್ಟುಕೊಳ್ಳಿ.

ಕೊನೆಯ ಮೂರು ದಿನ ಲೆಕ್ಕ ತಿರುಗಿಬೀಳುತ್ತದೆ. 18ನೇ ದಿನದಿಂದ ತೇವಾಂಶ 65ರಿಂದ 70 ಬೇಕು. ಹೋಗಬೇಕಾದ ನೀರು ಅಷ್ಟೊತ್ತಿಗೆ ಹೋಗಿರುತ್ತದೆ. ಇನ್ನು ಪೊರೆ ಒಣಗಿ ಮರಿಗೆ ಅಂಟಿಕೊಳ್ಳಬಾರದು. ಎರಡು ತಟ್ಟೆ ನಿಮಗೆ ಮಳೆಗಾಲದಲ್ಲಿ ಬೇಕಾಗುವುದು ಆಗ ಮಾತ್ರ, ತೂತು ತೆರೆದೇ ಇಟ್ಟು. ಮೊದಲ 18 ದಿನ ಒಂದು ಸಣ್ಣ ಬಟ್ಟಲು ಸಾಕು. ಜಡಿಮಳೆ ಹಿಡಿದ ವಾರ ಅದೂ ಬೇಡ. 18ರ ನಂತರ ಮುಚ್ಚಳ ತೆರೆಯಬೇಡಿ. ಒಂದು ಸಲ ತೆರೆದರೆ ಆವಿಯೆಲ್ಲ ಹೋಗಿ ಪೊರೆ ಕಾಗದದ ಹಾಗೆ ಗಟ್ಟಿಯಾಗುತ್ತದೆ. ಚಿಪ್ಪು ಕುಟುಕಿದ ಮೇಲೆ ಮರಿ 12ರಿಂದ 24 ಗಂಟೆ ಸುಮ್ಮನೆ ಇರುತ್ತದೆ. ಆಗ ಎಲ್ಲರ ಕೈ ತುರಿಸುತ್ತದೆ. ಪಾಪ, ಒದ್ದಾಡ್ತಿದೆ ಅಂತ ಚಿಪ್ಪು ಕೀಳುತ್ತಾರೆ, ರಕ್ತ ಸೋರಿ ಮರಿ ಸಾಯುತ್ತದೆ. ಅದು ಸುಮ್ಮನೆ ಕೂತಿಲ್ಲ. ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿದೆ, ಪೊರೆಯ ರಕ್ತನಾಳಗಳು ಒಣಗುತ್ತಿವೆ. ಆ ಹಳದಿಯ ಬಲದಲ್ಲೇ ಹುಟ್ಟಿದ ಮರಿ ಎರಡು ದಿನ ಊಟ, ನೀರಿಲ್ಲದೆ ಇರಬಲ್ಲದು. ಹಾಗಾಗಿ ಮೊದಲು ಬಂದ ಮರಿ ಕಿಚಿಕಿಚಿ ಅಂದ ತಕ್ಷಣ ಬಾಗಿಲು ತೆರೆಯುವ ಅವಸರ ಬೇಡ.

ಹಳ್ಳಿಯಲ್ಲಿ 18, 19ನೇ ದಿನ ಮೊಟ್ಟೆಯನ್ನು ಬೆಚ್ಚಗಿನ ನೀರಿಗೆ ಬಿಟ್ಟು, ಅಲ್ಲಾಡಿದರೆ ಜೀವ ಇದೆ ಅನ್ನುತ್ತಾರೆ. ಅದು ನಿಜವೇ, ಬದುಕಿದ ಮರಿ ಒದ್ದರೆ ಮೊಟ್ಟೆ ತೇಲುತ್ತಲೇ ಕುಣಿಯುತ್ತದೆ. ಆದರೆ ಕಣ್ಣಿಗೆ ಕಾಣದ ಸೀಳು ಇದ್ದರೂ ನೀರು ಒಳಗೆ ಹೋಗುತ್ತದೆ. ಕೈಯಲ್ಲಿ ಟಾರ್ಚ್ ಇರುವಾಗ ಆ ಸಾಹಸ ಯಾಕೆ?

ಬೇಸಿಗೆಗೆ ಎರಡು ಮಾತು, ಯಾಕೆಂದರೆ ನಿಮ್ಮ ಮಾರ್ಚಿನ 19 ಮರಿ ನೋಡಿ ಏಪ್ರಿಲ್, ಮೇನಲ್ಲೂ ಇಡುತ್ತೀರಿ ಅಂತ ಗೊತ್ತು. ಈ ಪೆಟ್ಟಿಗೆಗೆ ಕಾಯಿಸಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಶೀಟಿನ ಮನೆಯಲ್ಲಿ ಮಧ್ಯಾಹ್ನ 39, 40 ಡಿಗ್ರಿ ಆದರೆ ಬಲ್ಬ್ ಆರಿದರೂ ಪೆಟ್ಟಿಗೆಯೊಳಗೆ ಅಷ್ಟೇ ಇರುತ್ತದೆ. ಚಳ್ಳಕೆರೆ, ಜಗಳೂರು ಕಡೆಯಿಂದ ಮೇ ತಿಂಗಳಲ್ಲಿ ನನಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಇದೇ. ಕರೆಂಟ್ ಹೋಗಿ ಮೂರು ನಾಲ್ಕು ಗಂಟೆ ತಣ್ಣಗಾದರೆ ಪಿಂಡ ತಡೆದುಕೊಳ್ಳುತ್ತದೆ. ತೆರೆಯದೆ ಕಂಬಳಿ ಹೊದಿಸಿ, ಅಷ್ಟೇ. ಹೇಂಟೆಯೂ ಕಾಳು ತಿನ್ನಲು ಎದ್ದು ಹೋಗುತ್ತದಲ್ವಾ. ಬಿಸಿ 40 ದಾಟಿದರೆ ಮಾತ್ರ ತಡೆಯುವುದಿಲ್ಲ. ಪೆಟ್ಟಿಗೆಯನ್ನು ಮಾಳಿಗೆ ಮನೆಯಲ್ಲೋ ಹೆಂಚಿನ ಮನೆಯ ಒಳಕೋಣೆಯಲ್ಲೋ ಇಡಿ.

ಇಡುವ ಮೊದಲು ಮೊಟ್ಟೆ ಕೂಡಿಡುವುದರಲ್ಲೂ ಬೇಸಿಗೆ ಕಾಟ ಕೊಡುತ್ತದೆ. ಏಳು ದಿನಕ್ಕಿಂತ ಹಳೆಯ ಮೊಟ್ಟೆ ಬೇಡ. 15ರಿಂದ 18 ಡಿಗ್ರಿ ತಂಪಿದ್ದರೆ ಒಳ್ಳೆಯದು. ಮೇ ತಿಂಗಳ ಅಡುಗೆ ಮನೆ ಕಟ್ಟೆಯ ಮೇಲಿಟ್ಟರೆ ಪಿಂಡ ಅಲ್ಲೇ ಅರ್ಧಂಬರ್ಧ ಬೆಳೆಯಲು ಶುರು ಮಾಡಿ, ಸೊರಗಿ ಸಾಯುತ್ತದೆ. ಆಮೇಲೆ 7ನೇ ದಿನ ಕೆಂಪು ಬಳೆ ಕಾಣುವುದು ಇಂಥವೇ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಇಟ್ಟು, ಅದರೊಳಗೆ ಹೊಟ್ಟು ಹಾಸಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಬಾಯಿಗೆ ತೆಳು ಬಟ್ಟೆ. ನಿಮ್ಮದು ಭದ್ರಾ ನಾಲೆಯ ಭತ್ತದ ಸೀಮೆ, ಹೊಟ್ಟಿಗೇನು ಬರ.

ಇನ್ನು ನವಿಲು. ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಆ ಕಾಯ್ದೆಯ ಲೆಕ್ಕದಲ್ಲಿ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಕೂಡ ಬೇಟೆಯೇ. ಒಳ್ಳೆಯ ಮನಸ್ಸಿನಿಂದ ಮಾಡಿದೆ ಅಂದರೆ ಕೇಳುವುದಿಲ್ಲ. ರಾಜಸ್ಥಾನದ ಜೈಸಲ್ಮೇರ್ ಹತ್ತಿರ ಎರ್ಲಡ್ಡು ಹಕ್ಕಿಯ (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ಮೊಟ್ಟೆ ತಂದು ಯಂತ್ರದಲ್ಲಿ ಮರಿ ಮಾಡಿಸುತ್ತಾರೆ, ನಿಜ. ಅದು ಸರ್ಕಾರವೇ ಮುಂದೆ ನಿಂತು ನಡೆಸುವ ಕೆಲಸ. ನಮ್ಮ ಪಕ್ಕದ ರಾಣೆಬೆನ್ನೂರಿನಲ್ಲೂ ಒಂದು ಕಾಲಕ್ಕೆ ಆ ಹಕ್ಕಿ ಇತ್ತು.

ಕಾನೂನು ಹಾಗಿರಲಿ, ಯಂತ್ರದಲ್ಲಿ ಹುಟ್ಟಿದ ನವಿಲು ಮರಿಗೆ ತಾಯಿ ಯಾರು? ಏನು ತಿನ್ನಬೇಕು, ನಾಯಿ ಬಂದರೆ ಎಲ್ಲಿ ಅಡಗಬೇಕು ಅಂತ ಕಲಿಸುವವರು ಯಾರು? ನೀವು ಮಾಡಬಹುದಾದದ್ದು ಇಷ್ಟು. ಹೊಲದಲ್ಲಿ ಆ ಜಾಗಕ್ಕೆ ನಾಲ್ಕು ಕಡ್ಡಿ ನೆಟ್ಟು ಗುರುತು ಮಾಡಿ. ಸುತ್ತ ಐದಾರು ಸಾಲು ಜೋಳ ಕೊಯ್ಯದೆ ಬಿಡಿ. ನವಿಲಿನ ಮೊಟ್ಟೆ ಮರಿಯಾಗಲು ಸುಮಾರು 28 ದಿನ, ಕೋಳಿಗಿಂತ ಒಂದು ವಾರ ಜಾಸ್ತಿ. ಮರಿಗಳು ಹುಟ್ಟಿದ ಬೆನ್ನಿಗೇ ತಾಯಿಯ ಹಿಂದೆ ನಡೆದು ಹೋಗುತ್ತವೆ. ಹೇಂಟೆ ನವಿಲು ಎರಡು ದಿನವಾದರೂ ಬರಲೇ ಇಲ್ಲ ಅಂದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಂದು ಫೋನ್ ಮಾಡಿ. ಅಲ್ಲಿಯತನಕ ಆ ಸಾಲುಗಳ ಕಡೆ ನಾಯಿ ಬಿಡಬೇಡಿ.